ಮೋಡಕ್ಕೆ ಛೀಮಾರಿ

"ಹುಡುಗನಿಗೆ ತಲೆ ಇದೆ ಕಣ್ರೀ, ಆದ್ರೆ ಓದಲ್ಲ."

ಯಾವುದೇ ಶಾಲೆಯ ಪೋಷಕರ ಸಭೆಯಲ್ಲಿ ಹತ್ತು ನಿಮಿಷ ಕೂತರೆ ಸಾಕು, ಈ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಹೇಳಿದ ಮೇಷ್ಟ್ರಿಗೂ ಹಗುರ, ಕೇಳಿದ ಅಪ್ಪನಿಗೂ ಹಗುರ. ಮಗ ದಡ್ಡನಲ್ಲವಲ್ಲ ಎಂದು ಅಪ್ಪ ನಿಟ್ಟುಸಿರು ಬಿಡುತ್ತಾನೆ. ತನ್ನ ಪಾಠದ ಮೇಲೆ ಮಾತು ಬರಲಿಲ್ಲವಲ್ಲ ಎಂದು ಮೇಷ್ಟ್ರು. ಇಬ್ಬರ ನಡುವೆ ಬೂಟಿನ ತುದಿ ನೋಡುತ್ತ ನಿಂತ ಹುಡುಗನ ಮೇಲೆ ಮಾತ್ರ ಆಗಷ್ಟೇ ಒಂದು ಆರೋಪಪಟ್ಟಿ ಸಲ್ಲಿಕೆಯಾಗಿರುತ್ತದೆ: ನಿನ್ನೊಳಗೆ ಏನೋ ಇದೆ, ಅದನ್ನು ನೀನು ಬಚ್ಚಿಟ್ಟುಕೊಂಡಿದ್ದೀಯ. ಕಳ್ಳಮಾಲು ಅಡಗಿಸಿಟ್ಟವನ ಮೇಲೆ ಹೊರಿಸುವಂಥದೇ ಆರೋಪ. ಪೊಲೀಸರಾದರೂ ಮಾಲು ಎಲ್ಲಿದೆ, ಎಷ್ಟಿದೆ ಎಂದು ಮಹಜರು ಮಾಡುತ್ತಾರೆ. ಇಲ್ಲಿ ಅದೂ ಇಲ್ಲ.

ಶುಲ್ಕ ಸ್ವಲ್ಪ ಹೆಚ್ಚಿರುವ ಶಾಲೆಗಳಲ್ಲಿ ಇದೇ ಮಾತಿಗೆ ಟೈ ಕಟ್ಟಿಸಿ 'ಅಂಡರ್‌ಅಚೀವರ್' ಎನ್ನುತ್ತಾರೆ. ತನ್ನ ಸಾಮರ್ಥ್ಯಕ್ಕಿಂತ ಕಡಿಮೆ ಸಾಧಿಸುವವನು ಎಂದು ಅರ್ಥ. ದಡ್ಡ ಎನ್ನುವುದಕ್ಕಿಂತ ಇದು ಸಭ್ಯ, ಮಗುವಿನ ಮೇಲೆ ಭರವಸೆ ಇಟ್ಟ ಮಾತು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ. ನನ್ನ ತಕರಾರು ಈ ಒಪ್ಪಿಗೆಯ ಮೇಲೆಯೇ. ದಡ್ಡ ಎಂಬುದು ಒರಟು ಬೈಗುಳ. ಮಗು ಮನೆಗೆ ಹೋಗಿ ಅತ್ತು ಮರೆಯಬಹುದು. ಇದು ಹೊಗಳಿಕೆಯ ವೇಷದಲ್ಲಿ ಬರುವುದರಿಂದ ಮರೆಯಲೂ ಆಗದು, ಎದುರಾಡಲೂ ಆಗದು.

ನಾನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಪ್ರಗತಿಪತ್ರದ ಷರಾ ಕಾಲಮ್ಮಿನಲ್ಲಿ 'ಬುದ್ಧಿ ಇದೆ, ಪ್ರಯತ್ನ ಸಾಲದು' ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಕಾಲಂ ತುಂಬಿಸುವುದು ಮಾರ್ಚಿಯ ಸೆಕೆಯಲ್ಲಿ, ಒಂದೇ ಕೂರಿಕೆಯಲ್ಲಿ, ಅರವತ್ತು ಮಕ್ಕಳಿಗೆ. ನಲವತ್ತನೆಯ ಹೆಸರಿನ ಹೊತ್ತಿಗೆ ಕೈ ತಾನಾಗಿ ಬರೆಯುತ್ತಿರುತ್ತದೆ. ಹಾಗಾಗಿ ಇಲ್ಲಿ ಮೊದಲ ಆರೋಪಿ ನಾನೇ. ಅಷ್ಟು ಒಪ್ಪಿಕೊಂಡ ಮೇಲೆ ಉಳಿದವರಿಗೆ ರಿಯಾಯಿತಿ ಕೊಡುವ ಇರಾದೆ ನನಗಿಲ್ಲ.

ಹವಾಮಾನ ಇಲಾಖೆ ನಾಳೆ ಚಿತ್ರದುರ್ಗಕ್ಕೆ ಹತ್ತು ಸೆಂಟಿಮೀಟರ್ ಮಳೆ ಎಂದಿತು, ನಾಲ್ಕೇ ಬಿತ್ತು ಎನ್ನಿ. ಹೊಸದುರ್ಗದ ರೈತ ಯಾರನ್ನು ಬೈಯುತ್ತಾನೆ? ಇಲಾಖೆಯನ್ನು. "ಮೋಡಕ್ಕೆ ಹತ್ತು ಸೆಂಟಿಮೀಟರ್ ಸುರಿಸುವ ತಾಕತ್ತಿತ್ತು, ಅದೇ ಸೋಮಾರಿತನ ಮಾಡಿತು" ಎಂದು ಇಲಾಖೆ ಪ್ರಕಟಣೆ ಹೊರಡಿಸಿದರೆ ಇಡೀ ರಾಜ್ಯ ಬಿದ್ದು ಬಿದ್ದು ನಗುತ್ತದೆ. ಮಕ್ಕಳ ವಿಷಯದಲ್ಲಿ ಪ್ರತಿ ಮಾರ್ಚಿಯಲ್ಲೂ ಇದೇ ಪ್ರಕಟಣೆ ಹೊರಡುತ್ತದೆ. ನಗುವವರಿಲ್ಲ. ಅಂದಾಜು ಮಾಡಿದವರು ನಾವು, ಅಂದಾಜು ತಪ್ಪಿದ್ದು ನಮ್ಮದು, ಛೀಮಾರಿ ಮಾತ್ರ ಮೋಡಕ್ಕೆ.

ಇದು ಬರೀ ಹೋಲಿಕೆ ಎಂದು ತಳ್ಳಿಹಾಕುವವರು ಆ ಪದದ ಜಾತಕ ನೋಡಲಿ. 'ಅಚೀವ್' ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಬೇರು ಲ್ಯಾಟಿನ್ನಿನ 'ಕಾಪುಟ್', ಎಂದರೆ ತಲೆ. ಕೆಲಸವನ್ನು ತಲೆ ಮುಟ್ಟಿಸುವುದು, ಪೂರೈಸುವುದು ಎಂಬುದು ಮೂಲಾರ್ಥ. (ನಮ್ಮ ಮೇಷ್ಟ್ರು 'ತಲೆ ಇದೆ' ಎನ್ನುವಾಗ ತಮಗೇ ಗೊತ್ತಿಲ್ಲದೆ ವ್ಯುತ್ಪತ್ತಿ ಹೇಳುತ್ತಿರುತ್ತಾರೆ.) ಅಲ್ಲಿಯವರೆಗೆ ತೊಂದರೆಯಿಲ್ಲ. ಬಾವಿ ತೋಡಿ ಮುಗಿಯಿತೋ ಇಲ್ಲವೋ ಊರಿಗೆಲ್ಲ ಕಾಣುತ್ತದೆ. ಅದಕ್ಕೆ 'ಅಂಡರ್' ಸೇರಿಸಿ ಒಂದು ಬಗೆಯ ಮನುಷ್ಯನನ್ನೇ ಸೃಷ್ಟಿಸಿದ್ದು 1950ರ ದಶಕದ ಅಮೆರಿಕದ ಮನಃಶಾಸ್ತ್ರ. ಕೆಳಗೆ ಸರಿ, ಯಾವುದಕ್ಕಿಂತ ಕೆಳಗೆ? ಬುದ್ಧಿಮಾಪನ ಪರೀಕ್ಷೆ ನುಡಿದ ಭವಿಷ್ಯಕ್ಕಿಂತ ಕೆಳಗೆ. 1957ರಲ್ಲಿ ಸೋವಿಯತ್ ರಷ್ಯಾ ಸ್ಪುಟ್ನಿಕ್ ಹಾರಿಸಿದ್ದೇ ತಡ, ತನ್ನ ಮಕ್ಕಳ ಬುದ್ಧಿ ಪೋಲಾಗುತ್ತಿದೆ ಎಂಬ ಗಾಬರಿ ಅಮೆರಿಕಕ್ಕೆ ಹತ್ತಿತು. ಕಲ್ಲಿದ್ದಲು, ಯುರೇನಿಯಂಗಳ ಸಾಲಿನಲ್ಲಿ ಮಕ್ಕಳ ತಲೆಯೂ ದೇಶದ ದಾಸ್ತಾನಾಯಿತು. ದಾಸ್ತಾನು ಎಂದ ಮೇಲೆ ಅದನ್ನು ಹೊರಗೆ ತೆಗೆಯದ ಹುಡುಗ ದೇಶಕ್ಕೆ ನಷ್ಟ ಮಾಡಿದವನೇ ತಾನೆ?

ಇದರ ಹಿಂದಿನ ವ್ಯಂಗ್ಯ ಇನ್ನೂ ಕಹಿ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮೊದಲ ಬುದ್ಧಿಮಾಪನ ಪರೀಕ್ಷೆ ಮಾಡಿದ್ದು ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ನೆರವು ಕೊಡುವುದಕ್ಕೆ. ಬುದ್ಧಿ ಎಂಬುದು ಹುಟ್ಟಿನಿಂದ ಅಳೆದಿಟ್ಟ ಸರಕು ಎಂಬ ಮಾತನ್ನು ಆತ ಬರಹದಲ್ಲೇ ವಿರೋಧಿಸಿದ್ದ. 1911ರಲ್ಲಿ ತೀರಿಕೊಂಡ. ಆಮೇಲೆ ಆತನ ಕೈಪೆಟ್ಟಿಗೆ ಬೇರೆಯವರ ಕೈ ಸೇರಿತು. ಇಂಗ್ಲೆಂಡಿನ ಸಿರಿಲ್ ಬರ್ಟ್ ಹಿಂದುಳಿದ ಮಕ್ಕಳ ಬಗ್ಗೆ 1937ರಲ್ಲಿ ಬರೆದ ಪುಸ್ತಕದಲ್ಲಿ ಹಾಲಿನ ಪಾತ್ರೆಯ ಉಪಮೆ ಕೊಟ್ಟ. ನಮ್ಮ ಅಳತೆಯಲ್ಲಿ ಹೇಳುವುದಾದರೆ, ಪಾವಿನ ಪಾತ್ರೆಯಲ್ಲಿ ಪಾವಿಗಿಂತ ಹೆಚ್ಚು ಹಾಲು ಹಿಡಿಯದು. ಮಗುವಿನ ಕಲಿಕೆಯೂ ಅದರ ಬುದ್ಧಿಯ ಪಾತ್ರೆಯನ್ನು ಮೀರದು. ಎಷ್ಟು ಸೊಗಸಾದ ಉಪಮೆ! ಒಂದೇ ತೊಡಕು: ಪಾವಿನ ಪಾತ್ರೆ ಎಂದು ಚೀಟಿ ಅಂಟಿಸಿದ ಎಷ್ಟೋ ಮಕ್ಕಳಲ್ಲಿ ಅಚ್ಚೇರು ಹಾಲು ಸಿಗತೊಡಗಿತು. ಪಾತ್ರೆ ಅಳೆದದ್ದೇ ತಪ್ಪು ಎಂದು ಒಪ್ಪಿಕೊಂಡರೇ? ಇಲ್ಲ. ಆ ಮಕ್ಕಳಿಗೆ 'ಓವರ್‌ಅಚೀವರ್' ಎಂಬ ಹೊಸ ಚೀಟಿ ಅಂಟಿಸಿದರು. ತನ್ನ ಸಾಮರ್ಥ್ಯಕ್ಕಿಂತ ಹೆಚ್ಚು ಸಾಧಿಸಿದವನು! ಮಾಡಿ ತೋರಿಸಿದ ಮೇಲೂ ಅದು ಅವನ ಸಾಮರ್ಥ್ಯದಲ್ಲಿ ಇರಲಿಲ್ಲ ಎನ್ನುವುದಕ್ಕೆ ಎಂಥ ಗಟ್ಟಿ ಗುಂಡಿಗೆ ಬೇಕು? ಅಂದಹಾಗೆ ಈ ಬರ್ಟ್ ಮಹಾಶಯ 1971ರಲ್ಲಿ ತೀರಿಕೊಂಡ ಬಳಿಕ ಅವಳಿ ಮಕ್ಕಳ ಬಗ್ಗೆ ಆತ ಕೊಟ್ಟಿದ್ದ ಅಂಕಿಗಳೇ ನಂಬಿಕೆಗೆ ಅರ್ಹವಲ್ಲ ಎಂಬ ದೊಡ್ಡ ವಿವಾದ ಎದ್ದಿತು. ಅಳೆಯುವವನ ಸೇರೇ ಖೋಟಾ ಎಂಬ ಗುಮಾನಿ.

ಗಣಿತದ ಮೇಷ್ಟ್ರಾಗಿ ಒಂದು ಲೆಕ್ಕ ಹೇಳದಿದ್ದರೆ ನನಗೆ ನಿದ್ದೆ ಬರದು. ಬುದ್ಧಿಮಾಪನದ ಅಂಕಿಗೂ ಶಾಲೆಯ ಅಂಕಗಳಿಗೂ ಇರುವ ಸಹಸಂಬಂಧ ಸುಮಾರು 0.5. ಅದನ್ನು ವರ್ಗ ಮಾಡಿದರೆ 0.25. ಎಂದರೆ ಮಕ್ಕಳ ಅಂಕಗಳಲ್ಲಿ ಕಾಣುವ ಏರುಪೇರಿನ ಕಾಲು ಭಾಗಕ್ಕೆ ಮಾತ್ರ ಆ ಪರೀಕ್ಷೆ ಕಾರಣ ಹೇಳಬಲ್ಲದು. ಮುಕ್ಕಾಲು ಪಾಲು ಅದರ ಲೆಕ್ಕದ ಹೊರಗೇ ಉಳಿಯುತ್ತದೆ: ನಿದ್ದೆ, ಊಟ, ಭಾಷೆ, ಮೇಷ್ಟ್ರು, ಭಯ, ಅಪ್ಪನ ಕುಡಿತ, ಬಸ್ಸು ತಪ್ಪಿದ್ದು, ಅದೃಷ್ಟ. ಈಗ ಗ್ರಾಫ್ ಹಾಳೆಯಲ್ಲಿ ಎಲ್ಲ ಮಕ್ಕಳನ್ನೂ ಚುಕ್ಕಿಗಳಾಗಿ ಇಟ್ಟು ನಡುವೆ ನಿರೀಕ್ಷೆಯ ಗೆರೆ ಎಳೆಯಿರಿ. ಹೆಚ್ಚೂಕಡಿಮೆ ಅರ್ಧ ಚುಕ್ಕಿಗಳು ಗೆರೆಯ ಕೆಳಗೆ ಬೀಳಲೇಬೇಕು. ನಾಳೆ ಎಲ್ಲ ಮಕ್ಕಳೂ ಎರಡು ಪಟ್ಟು ಓದಿದರೂ ಗೆರೆಯೂ ಅವರ ಜತೆಗೇ ಮೇಲೇರುತ್ತದೆ, ಮತ್ತೆ ಅರ್ಧ ಜನ ಕೆಳಗೇ. ಯಾರು ಎಷ್ಟು ಬೆವರು ಸುರಿಸಿದರೂ ಖಾಲಿಯಾಗದ ಆರೋಪಿಗಳ ಪಟ್ಟಿ ಇದು. ಕೊಲಂಬಿಯಾ ವಿಶ್ವವಿದ್ಯಾಲಯದ ರಾಬರ್ಟ್ ಥಾರ್ನ್‌ಡೈಕ್ 1963ರಲ್ಲೇ ಈ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದು, ಮಗು ಕಡಿಮೆ ಸಾಧಿಸಿದೆ ಎನ್ನುವ ಬದಲು ನಾವು ಹೆಚ್ಚು ನಿರೀಕ್ಷಿಸಿದೆವು ಎನ್ನುವುದೇ ಸರಿ ಎಂದು ವಾದಿಸಿದ. ಮನಃಶಾಸ್ತ್ರದ ಒಳಗಿನವನೇ ಹೇಳಿದ ಮಾತು. ಅರವತ್ತು ವರ್ಷ ಕಳೆದರೂ ನಮ್ಮ ಶಾಲೆಗಳ ಆಪ್ತಸಮಾಲೋಚಕರ ಕಿವಿಗೆ ಅದು ತಲುಪಿದಂತಿಲ್ಲ.

ಲೂಯಿಸ್ ಟರ್ಮನ್ನನ ಕಥೆಯಂತೂ ಕೇಳಲೇಬೇಕು. ಕ್ಯಾಲಿಫೋರ್ನಿಯಾದಲ್ಲಿ 1921ರಿಂದ ಈತ ಸುಮಾರು ಒಂದೂವರೆ ಸಾವಿರ ಮೇಧಾವಿ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸಿ, ಜೀವನಪೂರ್ತಿ ಅವರನ್ನು ಹಿಂಬಾಲಿಸಿದ. ಅವರಲ್ಲಿ ಒಬ್ಬರಿಗೂ ನೊಬೆಲ್ ಬರಲಿಲ್ಲ. ಜರಡಿಯಲ್ಲಿ ಸೋಸಿ ಹೊರಗೆ ಚೆಲ್ಲಿದವರಲ್ಲಿ ಇಬ್ಬರಿಗೆ ಬಂತು: 1956ರಲ್ಲಿ ವಿಲಿಯಂ ಶಾಕ್ಲಿ, 1968ರಲ್ಲಿ ಲೂಯಿಸ್ ಆಲ್ವರೆಜ್, ಇಬ್ಬರಿಗೂ ಭೌತಶಾಸ್ತ್ರದಲ್ಲಿ. ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಟರ್ಮನ್ ತಾನು ಆರಿಸಿದವರಲ್ಲೇ ತುಂಬ ಮೇಲೆ ಬಂದವರನ್ನೂ ಮೇಲೆ ಬಾರದವರನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಬುದ್ಧಿಯ ಅಂಕಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎದ್ದು ಕಂಡ ವ್ಯತ್ಯಾಸಗಳಲ್ಲಿ ಒಂದು ಮನೆಯದು: ಮೇಲೆ ಬಂದವರ ಅಪ್ಪಂದಿರು ಹೆಚ್ಚು ಓದಿದವರು, ಮನೆ ಅನುಕೂಲಸ್ಥ. ಹಾಗಾದರೆ 'ಅಂಡರ್‌ಅಚೀವರ್' ಎಂಬ ಚೀಟಿಯನ್ನು ಆ ಹುಡುಗರ ಬೆನ್ನಿಗೆ ಅಂಟಿಸಬೇಕಿತ್ತೇ, ಮನೆಯ ಬಾಗಿಲಿಗೆ ಅಂಟಿಸಬೇಕಿತ್ತೇ?

ನಮ್ಮ ಮನೆಯ ಕಡೆ ಬರೋಣ. ಬಿನೆಯ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸುವ ಕೆಲಸ ನಡೆದದ್ದು ಧಾರವಾಡದಲ್ಲಿ. ಮಾಡಿದವರು ವಿ. ವಿ. ಕಾಮತ್. 1940ರಲ್ಲಿ ಅವರ ಪುಸ್ತಕ ಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಲ್ಲಿ ಅದು ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಕಾಮತರು ಅಷ್ಟು ಕಷ್ಟಪಟ್ಟದ್ದು ಏಕೆ? ಪ್ಯಾರಿಸ್ಸಿನ ಮಗುವಿಗೆ ಹೊಲಿದ ಅಂಗಿ ಧಾರವಾಡದ ಮಗುವಿಗೆ ಹಿಡಿಸದು ಎಂದು ಅವರಿಗೆ ಗೊತ್ತಿತ್ತು. ಪರೀಕ್ಷೆಯ ಮೇಲೆ ನನಗೆ ಎಷ್ಟೇ ಅನುಮಾನವಿರಲಿ, ಆ ವಿವೇಕಕ್ಕೆ ಕೈ ಮುಗಿಯುತ್ತೇನೆ. ಸುಮಾರು ತೊಂಬತ್ತು ವರ್ಷದ ಹಿಂದಿನ ಮಕ್ಕಳನ್ನು ನೋಡಿ ಹೊಲಿದ ಅಂಗಿಯನ್ನು ಇಂದಿನ ಮಗುವಿಗೆ ತೊಡಿಸಿ, ತೋಳು ಉದ್ದವಾಯಿತು ಎಂದು ಮಗುವನ್ನೇ ಗದರುವವರಿಗೆ ಏನು ಮುಗಿಯಲಿ?

ಆ ವಿವೇಕ ಇಲ್ಲದ್ದಕ್ಕೆ ನನ್ನದೇ ಒಂದು ಉದಾಹರಣೆ. ಏಳನೆಯವರೆಗೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬ ಹುಡುಗಿ ಎಂಟನೆಯದಕ್ಕೆ ನಮ್ಮ ಶಾಲೆಯ ಇಂಗ್ಲಿಷ್ ಮಾಧ್ಯಮಕ್ಕೆ ಬಂದಳು. ಬಾಯಿಲೆಕ್ಕದಲ್ಲಿ ಗಟ್ಟಿ. ಬರವಣಿಗೆಯಲ್ಲಿ ಇಪ್ಪತ್ತೈದಕ್ಕೆ ಆರು, ಏಳು. ಷರಾ ಕಾಲಮ್ಮಿನಲ್ಲಿ ನಾನು ಬರೆದದ್ದು ಅದೇ ವಾಕ್ಯ, ಜತೆಗೆ 'ಅಜಾಗರೂಕತೆ' ಎಂಬ ಇನಾಮು. ಒಂದು ದಿನ ಬೋರ್ಡಿನ ಮೇಲೆ ಹದಿನಾಲ್ಕು ಮತ್ತು ಹದಿನೈದರ 'ಪ್ರಾಡಕ್ಟ್' ಎಷ್ಟು ಎಂದು ಕೇಳಿದೆ. ಸುಮ್ಮನೆ ನಿಂತಳು. ಪಕ್ಕದವಳು ಪಿಸುಗುಟ್ಟಿದ ಮೇಲೂ ಸುಮ್ಮನೆ. ರೇಗಿ, "ಗುಣಲಬ್ಧ ಕಣಮ್ಮಾ, ಗುಣಲಬ್ಧ!" ಎಂದೆ. ನನ್ನ ಮಾತು ಮುಗಿಯುವ ಮೊದಲೇ ಇನ್ನೂರ ಹತ್ತು ಎಂದಳು. ಅವಳ ಮಟ್ಟಿಗೆ ಪ್ರಾಡಕ್ಟ್ ಎಂದರೆ ಟೀವಿಯಲ್ಲಿ ಬರುವ ಸೋಪು. ಒಂದೂವರೆ ವರ್ಷ ನಾನು ಅಳೆದದ್ದು ಅವಳ ಗಣಿತವನ್ನಂತೂ ಅಲ್ಲ. ಒಂದೂವರೆ ವರ್ಷ ಅವಳಪ್ಪ ಆ ಷರಾದ ಕೆಳಗೆ ಸಹಿ ಹಾಕಿ ಕಳಿಸಿದ್ದರು. ಓದಲು ಬಾರದ ಅವರಿಗೆ ಅದನ್ನು ಓದಿ ಹೇಳಿದವಳು ಅವಳೇ ಅಂತೆ.

ಕನ್ನಡಕ್ಕೆ ಈ ಪದ ಇಲ್ಲ ಎಂಬುದು ನನಗೆ ಹೆಮ್ಮೆಯ ವಿಷಯ. 'ನ್ಯೂನಸಾಧಕ' ಎಂದು ಯಾರಾದರೂ ಟಂಕಿಸಿದರೆ ವ್ಯಾಕರಣ ಆಕ್ಷೇಪಿಸದು, ಆದರೆ ಯಾವ ತಾಯಿಯ ಬಾಯಲ್ಲೂ ಅದು ಹೊರಳದು. ನಮ್ಮಲ್ಲಿ ಸಾಧನೆ ಎಂದರೆ ಫಲವೂ ಹೌದು, ದಿನಬೆಳಗಾದರೆ ತಂಬೂರಿ ಹಿಡಿದು ಕೂರುವ ಅಭ್ಯಾಸವೂ ಹೌದು. ಸಂಗೀತಗಾರರು 'ಅಸುರಸಾಧಕ' ಎನ್ನುವುದು ಎರಡನೆಯ ಅರ್ಥದಲ್ಲಿ. ಅಭ್ಯಾಸಕ್ಕೆ ಕೂತವನನ್ನು ಯಾವ ಗೆರೆಯ ಕೆಳಗೆ ಎಂದು ಇಡುತ್ತೀರಿ? ಕೊಚ್ಚಿಕೊಂಡು ಕೈಲಾಗದವನಿಗೆ ಬೇಕಾದರೆ ನಮ್ಮಲ್ಲಿ ಗಾದೆ ಇದೆ: ಉತ್ತರನ ಪೌರುಷ ಒಲೆಯ ಮುಂದೆ. ಅದರ ನ್ಯಾಯ ಗಮನಿಸಿ. ಉತ್ತರಕುಮಾರ ನಗೆಪಾಟಲಾದದ್ದು ಅಂತಃಪುರದಲ್ಲಿ ತಾನೇ ಆಡಿದ ಮಾತಿಗೆ. ನೆರೆಮನೆಯವರು ಅವನ ಮೇಲೆ ಕಟ್ಟಿದ ನಿರೀಕ್ಷೆಗೆ ಅವನನ್ನು ಯಾರೂ ಹೊಣೆ ಮಾಡಲಿಲ್ಲ. ಇನ್ನು ಯಾರೂ ನಿರೀಕ್ಷಿಸದಷ್ಟು ಸಾಧಿಸಿದವನನ್ನು ಏನು ಮಾಡಿದೆವು ಎಂಬುದಕ್ಕೆ ಏಕಲವ್ಯನ ಹೆಬ್ಬೆರಳು ಸಾಕ್ಷಿ. ಅಲ್ಲೂ ತಪ್ಪಿದ್ದು ಗುರುವಿನ ಅಂದಾಜು, ದಂಡ ತೆತ್ತವನು ಶಿಷ್ಯ.

ಹಾಗೆಂದು ನಮ್ಮ ಅಂಗಳ ಪೂರ್ತಿ ಚೊಕ್ಕಟವಿಲ್ಲ. 'ಬೆಳೆಯುವ ಪೈರು ಮೊಳಕೆಯಲ್ಲಿ' ಎಂಬ ಗಾದೆಯನ್ನು ಎಲ್‌ಕೆಜಿ ಪ್ರವೇಶ ಸಂದರ್ಶನಕ್ಕೂ ಬಳಸುವ ಜನ ನಾವು. ಆ ಗಾದೆ ಕಟ್ಟಿದ ರೈತ ಮೊಳಕೆ ನೋಡಿ ಕೈಕಟ್ಟಿ ಕೂರುವುದಿಲ್ಲ ಎಂಬುದು ಮಾತ್ರ ಮರೆತುಹೋಗುತ್ತದೆ. ಅವನು ಕುಂಟೆ ಹೊಡೆಯುತ್ತಾನೆ, ಕಳೆ ಕೀಳುತ್ತಾನೆ, ಗೊಬ್ಬರ ಹಾಕುತ್ತಾನೆ. ನಡುವೆ ಬೆಳೆ ಸೊರಗಿದರೆ ಪೈರಿಗೆ ಬೈಯುವುದಿಲ್ಲ; ಒಂದು ಗಿಡ ಕಿತ್ತು ಬೇರು ನೋಡುತ್ತಾನೆ.

ಈ ಪದ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನೂ ನೋಡಿ. ಡಾಕ್ಟರ ಮಗ ನಲವತ್ತು ತೆಗೆದರೆ 'ತಲೆ ಇದೆ, ಓದಲ್ಲ'. ಬೆಳಗ್ಗೆ ಐದಕ್ಕೆ ಎದ್ದು ನೀರು ತುಂಬಿ, ಪಾತ್ರೆ ತಿಕ್ಕಿ, ತಮ್ಮನನ್ನು ಅಂಗನವಾಡಿಗೆ ಬಿಟ್ಟು ಬರುವ ಹುಡುಗಿ ಅದೇ ನಲವತ್ತು ತೆಗೆದರೆ? 'ಪಾಪ, ಅಷ್ಟು ತೆಗೆದಿದ್ದೇ ಹೆಚ್ಚು.' ಅವಳ ಹೆಸರಿನಲ್ಲಿ ಯಾರೂ ಸಾಮರ್ಥ್ಯದ ಖಾತೆಯನ್ನೇ ತೆರೆದಿಲ್ಲ, ಆದ್ದರಿಂದ ಬಾಕಿಯೂ ಇಲ್ಲ. ಮೊದಲನೆಯವನಿಗೆ ಟ್ಯೂಷನ್ನು, ಸಮಾಲೋಚನೆ, ಕಣ್ಣಿನ ಪರೀಕ್ಷೆ, ಎರಡನೆಯವಳಿಗೆ ಸಹಾನುಭೂತಿ.

ಇದು ಬಾಯಿಮಾತಿನಲ್ಲಿ ನಿಂತಿದ್ದರೆ ಇಷ್ಟು ಕೂಗಾಡುತ್ತಿರಲಿಲ್ಲ. ಓದಲು ಕಷ್ಟಪಡುವ ಮಕ್ಕಳಲ್ಲಿ ಯಾರಿಗೆ ಡಿಸ್ಲೆಕ್ಸಿಯಾ ಎಂದು ತೀರ್ಮಾನಿಸಲು ದಶಕಗಳ ಕಾಲ ಜಗತ್ತು ಬಳಸಿದ್ದು ಇದೇ ತರ್ಕ. ಐಕ್ಯೂ ಹೆಚ್ಚು, ಓದು ಕಡಿಮೆ ಎಂದಾದರೆ ನೆರವು. ಐಕ್ಯೂ ಕಡಿಮೆ, ಓದೂ ಕಡಿಮೆ ಎಂದಾದರೆ ಅದು ನಿರೀಕ್ಷಿತ, ನೆರವೇಕೆ? ಅಕ್ಷರಕ್ಕೆ ಧ್ವನಿ ಹೊಂದಿಸುವ ತೊಡಕು ಎರಡೂ ಗುಂಪಿನ ಮಕ್ಕಳಲ್ಲಿ ಒಂದೇ ಬಗೆಯದು ಎಂದು ಸಂಶೋಧಕರು ತೋರಿಸಿಕೊಟ್ಟರು. ಅಮೆರಿಕದ ಕಾನೂನು 2004ರಲ್ಲಿ ಈ ಅಂತರದ ಲೆಕ್ಕ ಕಡ್ಡಾಯವಲ್ಲ ಎಂದಿತು. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ 2018ರಲ್ಲಿ ಬಂದ ನಮ್ಮ ಕೇಂದ್ರ ಸರ್ಕಾರದ ಮಾರ್ಗಸೂಚಿ ಐಕ್ಯೂ 85 ದಾಟಿದ ಮಗುವನ್ನಷ್ಟೇ ಮುಂದಿನ ಪರೀಕ್ಷೆಗೆ ಕಳಿಸಿತು. 84ರ ಮಗು ಯಾವ ಬಾಗಿಲು ತಟ್ಟಬೇಕಿತ್ತು?

ದೊಡ್ಡವರನ್ನೂ ಈ ಪದ ಬಿಟ್ಟಿಲ್ಲ. 2012ರ ಜುಲೈನಲ್ಲಿ ಟೈಮ್ ಪತ್ರಿಕೆಯ ಏಷ್ಯಾ ಆವೃತ್ತಿ ಮನಮೋಹನ್ ಸಿಂಗ್ ಅವರ ಚಿತ್ರ ಹಾಕಿ ಮುಖಪುಟದಲ್ಲೇ 'ಅಂಡರ್‌ಅಚೀವರ್' ಎಂದು ಬರೆಯಿತು. ಅವರ ಸರ್ಕಾರವನ್ನು ಟೀಕಿಸಲು ನೂರು ಸಂಗತಿಗಳಿದ್ದವು, ಟೀಕಿಸಲಿ. ಈ ಪದ ಬಳಸಿದ ಕೂಡಲೇ ಚರ್ಚೆ ಯಾವ ನಿರ್ಧಾರ ತಪ್ಪು ಎಂಬಲ್ಲಿಂದ ಜಾರಿ, ಆ ಮನುಷ್ಯನ ಒಳಗೆ ಎಷ್ಟಿತ್ತು ಎಂಬ ಜ್ಯೋತಿಷ್ಯಕ್ಕೆ ಬಂದು ನಿಂತಿತು. ಈ ಪದ ಎಲ್ಲೇ ಹೋದರೂ ಮಾಡುವ ಕೆಲಸ ಇದೇ: ಏನಾಯಿತು ಎಂದು ಕೇಳುವ ಶ್ರಮವನ್ನು ತಪ್ಪಿಸುತ್ತದೆ.

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂದು ಈಗಾಗಲೇ ಯಾರೋ ಗೊಣಗಿರುತ್ತಾರೆ. ಅಲ್ಲ ಸ್ವಾಮಿ, ನೆಲ ನಿಜವಾಗಿಯೂ ಡೊಂಕಾಗಿದ್ದರೆ? ಎಸ್ಸೆಸ್ಸೆಲ್ಸಿಯಲ್ಲಿ 2023ರಲ್ಲಿ ಪಾಸಾದವರು ಶೇಕಡಾ 83.89. ಮರುವರ್ಷ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಕೃಪಾಂಕ ಕೊಟ್ಟ ಮೇಲೂ ಶೇಕಡಾ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿ ಬತ್ತಿತೇ? ಪ್ರಯತ್ನ ಸಾಲದಾಯಿತೇ? ಅಳೆಯುವ ಕೋಲು ಬದಲಾಯಿತು, ಅಷ್ಟೇ. ಹಿಂದಿನ ವರ್ಷದ ಕೋಲು ನಂಬಿ ನಾವು ಎಷ್ಟು ಮಕ್ಕಳ ಸಾಮರ್ಥ್ಯದ ಬಗ್ಗೆ ಷರಾ ಬರೆದಿದ್ದೆವು? ಸೋಮಾರಿ ಮಕ್ಕಳು ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಇದ್ದಾರೆ, ಸೋಮಾರಿ ಮೇಷ್ಟ್ರುಗಳೂ ಇದ್ದೇವೆ. ಹುಡುಗ ಮನೆಗೆಲಸ ಮಾಡಿಲ್ಲವಾದರೆ 'ಮನೆಗೆಲಸ ಮಾಡಿಲ್ಲ' ಎಂದು ಬರೆಯಿರಿ. ಅದು ಕಣ್ಣಿಗೆ ಕಂಡದ್ದು. ಅವನ ತಲೆಯ ಆಳ ನಿಮಗೆ ಯಾವಾಗ ಕಂಡಿತು?

ಹಾಗಾಗಿ ಕೇಳುವುದಿಷ್ಟು. ಶಿಕ್ಷಣ ಇಲಾಖೆ ಪ್ರಗತಿಪತ್ರದಿಂದ ಈ ಬಗೆಯ ಷರಾವನ್ನು ಒಂದು ಸುತ್ತೋಲೆಯಲ್ಲಿ ತೆಗೆದುಹಾಕಲಿ. ಇದಕ್ಕಿಂತ ಚಿಲ್ಲರೆ ವಿಷಯಕ್ಕೆ ದಿನಕ್ಕೊಂದು ಸುತ್ತೋಲೆ ಬರುತ್ತದೆ. ಬಿ.ಎಡ್. ತರಗತಿಯಲ್ಲಿ ಈ ಪದ ಹೇಳಿಕೊಡುವವರು ಥಾರ್ನ್‌ಡೈಕನ ಆಕ್ಷೇಪವನ್ನೂ ಜತೆಗೇ ಹೇಳಲಿ. ಅಪ್ಪ ಅಮ್ಮಂದಿರು ಪೋಷಕರ ಸಭೆಯಲ್ಲಿ ತಲೆ ಆಡಿಸಿ ಎದ್ದು ಬರುವುದನ್ನು ನಿಲ್ಲಿಸಲಿ. "ತಲೆ ಇದೆ ಅಂದ್ರಲ್ಲ ಸಾರ್, ಯಾವ ಪಾಠದಲ್ಲಿ ಕಂಡ್ರಿ? ಯಾವ ಪಾಠದಿಂದ ಹಿಂದೆ ಬಿದ್ದ? ಆಮೇಲೆ ನೀವೇನು ಮಾಡಿ ನೋಡಿದ್ರಿ?" ಎಂದು ಕೇಳಲಿ. ಮೇಷ್ಟ್ರು ಕೋಪಿಸಿಕೊಂಡರೆ ಕೋಪಿಸಿಕೊಳ್ಳಲಿ. ನಾನಿದ್ದರೂ ಕೋಪಿಸಿಕೊಳ್ಳುತ್ತಿದ್ದೆ, ಆದರೆ ಮಾರನೆಯ ದಿನ ಹುಡುಗನ ನೋಟ್‌ಬುಕ್ಕು ತೆಗೆಸಿ ನೋಡುತ್ತಿದ್ದೆ.

ನನ್ನ ಜಾಗದಲ್ಲಿ ಈಗ ಕೂತಿರುವ ಮೇಷ್ಟ್ರೇ, ಮೇಡಂ, ಮಾರ್ಚಿ ಬರುತ್ತದೆ, ಅರವತ್ತು ಕಾರ್ಡುಗಳ ಕಟ್ಟು ನಿಮ್ಮ ಮೇಜಿನ ಮೇಲೆ ಬಂದು ಬೀಳುತ್ತದೆ. ಪೆನ್ನು ಆ ಹಳೆಯ ವಾಕ್ಯದ ಕಡೆ ತಾನೇ ಹೊರಳಿದಾಗ ಕೈ ತಡೆಯಿರಿ. ಕಂಡದ್ದಿದ್ದರೆ ಕಂಡದ್ದನ್ನು ಬರೆಯಿರಿ. ಏನೂ ಕಂಡಿಲ್ಲವಾದರೆ ಕಾಲಂ ಖಾಲಿ ಬಿಡಿ. ಏಕೆ ಖಾಲಿ ಎಂದು ಮುಖ್ಯೋಪಾಧ್ಯಾಯರು ಕೇಳಿದರೆ, "ಈ ಮಗುವನ್ನು ನಾನಿನ್ನೂ ಸರಿಯಾಗಿ ನೋಡಿಲ್ಲ" ಎಂದು ಹೇಳಿ, ಅದರ ಕೆಳಗೆ ನಿಮ್ಮ ಸಹಿ ಹಾಕಿ.